ಭಾವನಾತ್ಮಕ ಬುದ್ಧಿಮತ್ತೆ ಮತ್ತು ತಂಡ ನಡೆಸುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲವು ವರ್ಷ ತಂಡಗಳನ್ನು ನಡೆಸಿದವಳು. ಈಗ ಹೊಸದಾಗಿ ಮ್ಯಾನೇಜರ್ ಆದವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಉತ್ತರಗಳು ಮನೋವಿಜ್ಞಾನಿಗಳ ಅಧ್ಯಯನದಿಂದ ಬಂದವು, ಕೆಲವು ನಾನೇ ತಪ್ಪು ಮಾಡಿ ಕಲಿತವು.

ಭಾವನಾತ್ಮಕ ಬುದ್ಧಿಮತ್ತೆ ಅಂದರೆ ಸರಿಯಾಗಿ ಏನು?

ಭಾವನೆಯನ್ನು ಒಂದು ಮಾಹಿತಿಯಂತೆ ಓದುವ, ಓದಿದ್ದನ್ನು ಬಳಸುವ ಸಾಮರ್ಥ್ಯ. ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಅಮೆರಿಕನ್ ಮನೋವಿಜ್ಞಾನಿಗಳು 1990ರಲ್ಲಿ ಈ ಹೆಸರಿನಲ್ಲೇ ಒಂದು ಲೇಖನ ಬರೆದರು. 1997ರಲ್ಲಿ ಅದನ್ನು ನಾಲ್ಕು ಕೌಶಲಗಳಾಗಿ ಬಿಡಿಸಿದರು: ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದನ್ನು ಬಳಸಿಕೊಳ್ಳುವುದು, ಅದು ಎಲ್ಲಿಂದ ಬಂತು, ಮುಂದೆ ಏನಾಗಬಹುದು ಎಂದು ತಿಳಿಯುವುದು, ಕೊನೆಗೆ ಅದನ್ನು ನಿಭಾಯಿಸುವುದು.

ಒಂದು ಮೀಟಿಂಗ್ ನೆನಪಿಸಿಕೊಳ್ಳಿ. ನೀವು ಹೊಸ ಗಡುವನ್ನು ಹೇಳಿದಿರಿ. ಎಲ್ಲರೂ "ಆಯ್ತು" ಅಂದರು. ಆದರೆ ಸದಾ ಮಾತಾಡುವ ಒಬ್ಬರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾ ಸುಮ್ಮನೆ ಕೂತಿದ್ದರು. ಅದು ಕಣ್ಣಿಗೆ ಬಿದ್ದರೆ ಮೊದಲ ಕೌಶಲ. ಅದು ಅಸಡ್ಡೆಯಲ್ಲ, ಅಳುಕು ಇರಬಹುದು ಎಂದು ಹೊಳೆದರೆ ಮೂರನೆಯದು. ಮೀಟಿಂಗ್ ಮುಗಿದ ಮೇಲೆ ಅವರ ಬಳಿ ಹೋಗಿ "ಈ ದಿನಾಂಕದಲ್ಲಿ ನಿಮಗೆ ಏನೋ ಕಾಣ್ತಿದೆ, ನನಗೆ ಕಾಣ್ತಿಲ್ಲ ಅನ್ನಿಸ್ತು" ಎಂದು ಕೇಳಿದರೆ ನಿಮಗೆ ಆ ಕೆಲಸದ ಬಗ್ಗೆ ಯಾವ ಚಾರ್ಟ್‌ನಲ್ಲೂ ಇಲ್ಲದ ಒಂದು ವಿಷಯ ಸಿಗುತ್ತದೆ. ನಾನು "ಮಾಹಿತಿ" ಅಂದಿದ್ದು ಇದಕ್ಕೇ.

ಇದು ಇತ್ತೀಚಿನ ಫ್ಯಾಷನ್ ಅಲ್ಲವೇ?

ಹೆಸರು ಇತ್ತೀಚಿನದು, ವಿಚಾರ ಹಳೆಯದು. 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ "ಸಾಮಾಜಿಕ ಬುದ್ಧಿಮತ್ತೆ" ಎಂಬ ಮಾತು ಬಳಸಿದ್ದರು. 1983ರಲ್ಲಿ ಹೊವರ್ಡ್ ಗಾರ್ಡ್‌ನರ್ ಬುದ್ಧಿವಂತಿಕೆಯಲ್ಲಿ ಹಲವು ಬಗೆ ಇವೆ ಎಂದು ವಾದಿಸಿದಾಗ, ತನ್ನನ್ನು ತಾನು ಅರಿಯುವುದನ್ನೂ ಇನ್ನೊಬ್ಬರನ್ನು ಅರಿಯುವುದನ್ನೂ ಎರಡು ಬೇರೆ ಬಗೆಗಳೆಂದು ಎಣಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕ ಬಂದ ಮೇಲೆ ಈ ವಿಷಯ ಜನರ ಬಾಯಿಗೆ ಬಂತು. 1998ರಲ್ಲಿ ಅವರು ಅದನ್ನು ನೇರವಾಗಿ ನಾಯಕತ್ವಕ್ಕೆ ಜೋಡಿಸಿ ಐದು ಅಂಶ ಹೇಳಿದರು: ಸ್ವ-ಅರಿವು, ಸ್ವ-ನಿಯಂತ್ರಣ, ಒಳಗಿನ ಹುರುಪು, ಸಹಾನುಭೂತಿ, ಬೆರೆಯುವ ಕೌಶಲ. ತರಬೇತಿಗಳಲ್ಲಿ ನೀವು ನೋಡುವ ಪಟ್ಟಿ ಹೆಚ್ಚಾಗಿ ಇದೇ.

ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದವರು ಮ್ಯಾನೇಜರ್ ಆದ ಕೂಡಲೇ ಏಕೆ ತಡವರಿಸುತ್ತಾರೆ?

ಥಾರ್ನ್‌ಡೈಕ್ ನೂರು ವರ್ಷದ ಹಿಂದೆಯೇ ಇದನ್ನು ಗಮನಿಸಿದ್ದರು. ಕಾರ್ಖಾನೆಯ ಅತ್ಯುತ್ತಮ ಮೆಕ್ಯಾನಿಕ್, ಸಾಮಾಜಿಕ ಬುದ್ಧಿ ಇಲ್ಲದೆ ಹೋದರೆ ಫೋರ್‌ಮನ್ ಆಗಿ ಸೋಲಬಹುದು ಎಂದು ಬರೆದಿದ್ದರು. ಇಂದಿಗೂ ಬಡ್ತಿ ಸಿಗುವುದು ಕೈಯಲ್ಲಿರುವ ಕೆಲಸ ಚೆನ್ನಾಗಿ ಮಾಡಿದವರಿಗೆ. ಬಡ್ತಿಯ ಮರುದಿನ ಆ ಕೆಲಸವೇ ಕೈತಪ್ಪಿ ಹೋಗುತ್ತದೆ. ಇನ್ನು ಮೇಲೆ ಅವರ ಕೆಲಸ ಬೇರೆಯವರ ಕೈಯಿಂದ ಆಗಬೇಕು, ಆ ಕೈಗಳಿಗೆ ಅವುಗಳದೇ ಭಯ, ಅಭಿಮಾನ, ದಣಿವು ಇರುತ್ತದೆ.

ಹೊಸ ಮ್ಯಾನೇಜರ್‌ಗಳಲ್ಲಿ ನಾನು ಹೆಚ್ಚು ಕಾಣುವ ತಪ್ಪು ಗದರುವುದಲ್ಲ, ಕಿತ್ತುಕೊಳ್ಳುವುದು. "ಕೊಡಿ, ನಾನೇ ಮಾಡ್ತೀನಿ" ಎಂದು ಕೀಬೋರ್ಡ್ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಅವರ ಮನಸ್ಸಿನಲ್ಲಿ ಅದು ಸಹಾಯ. ಎದುರು ಕೂತವರಿಗೆ ಕೇಳಿಸುವುದು "ನಿನ್ನ ಕೈಲಿ ಆಗಲ್ಲ" ಎಂಬುದು. ದಯವಿಟ್ಟು ಇದೊಂದನ್ನು ಗಮನಿಸಿ. ಒಳ್ಳೆಯ ಉದ್ದೇಶದಿಂದಲೇ ಆಗುವ ಗಾಯವಾದ್ದರಿಂದ ಮಾಡಿದವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ಹಾಗಾದರೆ ಸದಾ ನಗುನಗುತ್ತಾ, ಮೃದುವಾಗಿ ಇರಬೇಕೇ?

ಇಲ್ಲ. ಈ ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡಿದೆ. ಎಲ್ಲರಿಗೂ ಹೂಂಗುಟ್ಟುವ ಮ್ಯಾನೇಜರ್ ಆ ಕ್ಷಣದ ಇರಿಸುಮುರಿಸನ್ನು ಮಾತ್ರ ತಪ್ಪಿಸಿಕೊಂಡಿರುತ್ತಾರೆ. ಆರು ತಿಂಗಳು ಏನೂ ಹೇಳದೆ, ಅಪ್ರೈಸಲ್ ದಿನ ಒಮ್ಮೆಲೇ ಕಡಿಮೆ ಅಂಕ ಕೊಟ್ಟರೆ ಅದು ಮೃದುತನವೇ? ಆ ಉದ್ಯೋಗಿಗೆ ತಿದ್ದಿಕೊಳ್ಳಲು ಸಿಗಬೇಕಿದ್ದ ಆರು ತಿಂಗಳು ಹೋಯಿತು. ಕಹಿ ಮಾತನ್ನು ಬೇಗ, ನೇರವಾಗಿ, ಮುಖ ಕೆಡಿಸದಂತೆ ಹೇಳಲು ಬರುವುದೇ ಈ ವಿದ್ಯೆಯ ಕಷ್ಟದ ಭಾಗ.

ನನ್ನ ಮನಸ್ಥಿತಿ ನಿಜಕ್ಕೂ ತಂಡಕ್ಕೆ ಅಂಟುತ್ತದೆಯೇ?

ಅಂಟುತ್ತದೆ. ಸಿಗಲ್ ಬಾರ್ಸೇಡ್ ಎಂಬ ಸಂಶೋಧಕಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ಗುಂಪುಗಳು ಕೂತು ಬೋನಸ್ ಹಣವನ್ನು ಯಾರಿಗೆ ಎಷ್ಟು ಹಂಚಬೇಕೆಂದು ಚರ್ಚಿಸಬೇಕಿತ್ತು. ಪ್ರತಿ ಗುಂಪಿನಲ್ಲೂ, ಉಳಿದವರಿಗೆ ಗೊತ್ತಾಗದಂತೆ, ತರಬೇತಿ ಪಡೆದ ಒಬ್ಬ ನಟನನ್ನು ಸೇರಿಸಿದ್ದರು. ಅವನು ಒಂದು ಗುಂಪಿನಲ್ಲಿ ಲವಲವಿಕೆಯಿಂದ, ಇನ್ನೊಂದರಲ್ಲಿ ಸಿಡುಕಿನಿಂದ ವರ್ತಿಸಿದ. ಗುಂಪಿನ ಮನಸ್ಥಿತಿ ಅವನ ಕಡೆಗೇ ವಾಲಿತು. ಹಿತವಾದ ಭಾವ ಹರಡಿದ ಕಡೆ ಸಹಕಾರ ಹೆಚ್ಚಿತು, ಜಗಳ ಕಡಿಮೆಯಾಯಿತು. ಅವನು ಆ ಗುಂಪಿನ ನಾಯಕನೂ ಆಗಿರಲಿಲ್ಲ. ಮ್ಯಾನೇಜರ್ ಆದವರ ಮುಖವನ್ನಂತೂ ದಿನವಿಡೀ ಎಲ್ಲರೂ ಓದುತ್ತಿರುತ್ತಾರೆ.

ನನ್ನದೇ ಒಂದು ಘಟನೆ. ಏಳು ಜನರ ತಂಡ, ಸೋಮವಾರ ಬೆಳಿಗ್ಗೆ. ಮೇಲಿನವರೊಬ್ಬರು ಫೋನಿನಲ್ಲಿ ನನಗೆ ಬಿಡಿಸಿ ಬಿಡಿಸಿ ಬೈದು ಇಟ್ಟಿದ್ದರು. ಕಿವಿ ಇನ್ನೂ ಬಿಸಿಯಾಗಿತ್ತು. ತಂಡದಲ್ಲಿ ಎಲ್ಲರಿಗಿಂತ ಕಿರಿಯ ಹುಡುಗಿ ಬಂದು ನನ್ನ ಮೇಜಿನ ಪಕ್ಕ ನಿಂತಳು. ಕೈಯಲ್ಲಿ ಪ್ರಿಂಟ್ ತೆಗೆದ ಒಂದು ಹಾಳೆ. "ಮೇಡಂ, ಒಂದು ವಿಷಯ..." ಅಂದಳು. ನಾನು ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ "ಈಗ ಬೇಡ" ಅಂದೆ. ದನಿ ಏರಿಸಲಿಲ್ಲ, ಕೆಟ್ಟ ಮಾತು ಆಡಲಿಲ್ಲ. ಅವಳು ಆ ಹಾಳೆಯನ್ನು ಎರಡಾಗಿ ಮಡಚಿಕೊಂಡು ಹೋದಳು.

ಒಂಬತ್ತು ದಿನ ಆದ ಮೇಲೆ ಗೊತ್ತಾಯಿತು: ಗ್ರಾಹಕರ ಬಿಲ್‌ಗಳಲ್ಲಿ ಹಳೆಯ ದರವೇ ಬೀಳುತ್ತಿತ್ತು, ಅವಳು ಅದನ್ನೇ ತೋರಿಸಲು ಬಂದಿದ್ದಳು. ಅಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಬಿಲ್ ಹೊರಗೆ ಹೋಗಿತ್ತು. ಎಲ್ಲವನ್ನೂ ವಾಪಸ್ ತರಿಸಿ, ತಿದ್ದಿ, ಒಬ್ಬೊಬ್ಬರಿಗೂ ಕ್ಷಮೆ ಕೇಳಿ ಪತ್ರ ಬರೆಯಬೇಕಾಯಿತು. "ಆಮೇಲಾದರೂ ಏಕೆ ಹೇಳಲಿಲ್ಲ?" ಎಂದು ಕೇಳಿದಾಗ ಅವಳು ತಲೆ ತಗ್ಗಿಸಿ ಹೇಳಿದ್ದು: "ಹೇಳೋಣ ಅಂತ ದಿನಾ ನಿಮ್ಮ ಮುಖ ನೋಡ್ತಿದ್ದೆ ಮೇಡಂ."

ಅಂದಿನಿಂದ ಮ್ಯಾನೇಜರ್‌ಗಳ ಬಗ್ಗೆ ನನ್ನ ಅಳತೆಗೋಲು ಒಂದೇ: ಕೆಟ್ಟ ಸುದ್ದಿ ಅವರ ಕಿವಿಗೆ ಎಷ್ಟು ಬೇಗ ತಲುಪುತ್ತದೆ?

ಸಿಟ್ಟು ಬಂದಾಗ ಅದುಮಿಟ್ಟುಕೊಂಡರೆ ಸಾಕೇ?

ಸಾಲದು. ಜೇಮ್ಸ್ ಗ್ರಾಸ್ ಎಂಬ ಮನೋವಿಜ್ಞಾನಿ 1990ರ ದಶಕದಿಂದ ಇದನ್ನೇ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಭಾವನೆಯನ್ನು ಮುಖದಲ್ಲಿ ತೋರಿಸದೆ ಅದುಮಿಟ್ಟರೆ ಒಳಗಿನ ಅನುಭವ ಅಷ್ಟೇನೂ ತಗ್ಗುವುದಿಲ್ಲ. ದೇಹದ ಒತ್ತಡ ಏರುತ್ತದೆ, ಆ ಹೊತ್ತಿನಲ್ಲಿ ಕೇಳಿದ ಮಾತೂ ಸರಿಯಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಒಳಗೊಳಗೇ ಕುದಿಯುತ್ತಾ ನಡೆಸಿದ ಮೀಟಿಂಗ್‌ನಲ್ಲಿ ಯಾರು ಏನಂದರು ಎಂದು ಆಮೇಲೆ ನೆನಪಿಸಿಕೊಳ್ಳಲು ಹೋಗಿ ನೋಡಿ, ಗೊತ್ತಾಗುತ್ತದೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಸನ್ನಿವೇಶವನ್ನು ಬೇರೆ ಕೋನದಿಂದ ನೋಡುವುದು. "ಇವನು ಬೇಕಂತಲೇ ತಡ ಮಾಡಿದ" ಎಂಬ ಜಾಗದಲ್ಲಿ "ಇವನಿಗೆ ಎಲ್ಲೋ ಸಿಕ್ಕಿಕೊಂಡಿದೆ, ಎಲ್ಲಿ?" ಎಂಬ ಪ್ರಶ್ನೆ ಇಟ್ಟರೆ ಸಿಟ್ಟಿನ ಬೇರೇ ಸಡಿಲವಾಗುತ್ತದೆ.

ಇನ್ನೊಂದು ಸರಳ ಉಪಾಯ, ಹೆಸರಿಡುವುದು. ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು 2007ರಲ್ಲಿ ಮೆದುಳಿನ ಸ್ಕ್ಯಾನ್ ಬಳಸಿ, ಭಾವನೆಯನ್ನು ಮಾತಿನಲ್ಲಿ ಹೆಸರಿಸಿದಾಗ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುತ್ತದೆ ಎಂದು ತೋರಿಸಿದರು. ಅಪಾಯ ಕಂಡಾಗ ಮೊದಲು ಎಚ್ಚರಗೊಳ್ಳುವ ಭಾಗಗಳಲ್ಲಿ ಅದೂ ಒಂದು.

ಹೆಸರಿಡುವ ವಿಷಯದಲ್ಲಿ ನಮಗೊಂದು ತೊಡಕಿದೆ: "ಬೇಜಾರು". ಬಡ್ತಿ ತಪ್ಪಿದ್ದಕ್ಕೂ ಬೇಜಾರು, ಒಂದೇ ಕೆಲಸ ಮಾಡಿ ಮಾಡಿ ಬೇಜಾರು, ಎಲ್ಲರ ಮುಂದೆ ಅಂದಿದ್ದಕ್ಕೂ ಬೇಜಾರು, ಗೆಳೆಯ ಕೆಲಸ ಬಿಟ್ಟು ಹೋದದ್ದಕ್ಕೂ ಬೇಜಾರು. ಒಂದು ನಿರಾಸೆ, ಒಂದು ಏಕತಾನ, ಒಂದು ಅವಮಾನ, ಒಂದು ಅಗಲಿಕೆಯ ನೋವು. ಮದ್ದೂ ಬೇರೆ ಬೇರೆ. ಏಕತಾನದಿಂದ ಬೇಸತ್ತವರಿಗೆ ಹೊಸ ಕೆಲಸ ಕೊಟ್ಟರೆ ಅರಳುತ್ತಾರೆ. ಅವಮಾನವಾದವರಿಗೆ ಹೊಸ ಕೆಲಸ ಕೊಟ್ಟರೆ ಇನ್ನಷ್ಟು ಮುದುಡುತ್ತಾರೆ. ಯಾರಾದರೂ "ಬೇಜಾರಾಗಿದೆ" ಅಂದರೆ ಅಲ್ಲಿಗೆ ನಿಲ್ಲಬೇಡಿ, "ಯಾವ ಥರದ ಬೇಜಾರು?" ಎಂದು ಕೇಳಿ. ನಮ್ಮ ನುಡಿಯಲ್ಲಿ ಸಿಟ್ಟಿಗೇ ಸಿಡುಕು, ಮುನಿಸು, ಕಿರಿಕಿರಿ, ಆಕ್ರೋಶ, ರೋಷ ಎಂದು ಎಷ್ಟೊಂದು ಛಾಯೆಗಳಿವೆ. ಅವನ್ನು ಬಳಸೋಣ.

ಸಿಟ್ಟಿನಲ್ಲಿ ಬರೆದ ಇಮೇಲ್ ಬಗ್ಗೆ ಹೇಳುವುದು ಒಂದೇ ಮಾತು: ಬರೆಯಿರಿ, ಆದರೆ "ಯಾರಿಗೆ" ಎಂಬ ಜಾಗವನ್ನು ಖಾಲಿ ಬಿಡಿ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ.

ತಪ್ಪು ಮಾಡಿದವರಿಗೆ ಹೇಳುವುದು ಹೇಗೆ?

ಒಬ್ಬರೇ ಇದ್ದಾಗ, ಆದಷ್ಟು ಬೇಗ, ಕೆಲಸದ ಬಗ್ಗೆ. ವ್ಯಕ್ತಿಯ ಬಗ್ಗೆ ಬೇಡ. "ನೀವು ಯಾವಾಗಲೂ ಹೀಗೇ" ಎಂಬ ವಾಕ್ಯದಲ್ಲಿ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ, ತಮ್ಮನ್ನು ಕಾಪಾಡಿಕೊಳ್ಳುವುದೊಂದೇ ದಾರಿ. "ಗುರುವಾರದ ವರದಿಯಲ್ಲಿ ಮೂರನೇ ಪುಟದ ಲೆಕ್ಕ ಹೊಂದಿಕೆಯಾಗಿರಲಿಲ್ಲ, ಅದರಿಂದ ಗ್ರಾಹಕರ ಮುಂದೆ ನಾವು ಉತ್ತರ ಕೊಡಲಾಗದೆ ನಿಂತೆವು. ಅಲ್ಲಿ ಏನಾಯ್ತು?" ಎಂಬ ಮಾತಿನಲ್ಲಿ ಏನಾಯಿತು ಎಂಬುದಿದೆ, ಅದರ ಪರಿಣಾಮವಿದೆ, ಕೊನೆಗೆ ಒಂದು ನಿಜವಾದ ಪ್ರಶ್ನೆಯಿದೆ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ಐದಾರು ಸೆಕೆಂಡ್ ಇರುತ್ತದೆ, ಯುಗದಂತೆ ಅನ್ನಿಸುತ್ತದೆ. ನೀವೇ ಅದನ್ನು ತುಂಬಿಬಿಟ್ಟರೆ ನಿಜ ಹೊರಬರುವುದಿಲ್ಲ.

ಮೊದಲು ಎರಡು ಹೊಗಳಿಕೆ, ನಡುವೆ ಒಂದು ಟೀಕೆ, ಮತ್ತೆ ಹೊಗಳಿಕೆ ಎಂಬ ಸೂತ್ರವನ್ನು ಹಲವರು ಕಲಿಸುತ್ತಾರೆ. ನನಗದು ಹಿಡಿಸುವುದಿಲ್ಲ. ನಾಲ್ಕೈದು ಸಲ ಕೇಳಿದವರು ನೀವು ಹೊಗಳಲು ಶುರು ಮಾಡಿದ ಕೂಡಲೇ ಪೆಟ್ಟಿಗೆ ಕಾಯುತ್ತಾರೆ. ಹೊಗಳಿಕೆಯೂ ಹಾಳು, ಟೀಕೆಯೂ ಹಾಳು. ಚೆನ್ನಾಗಿ ಮಾಡಿದ್ದನ್ನು ಮಾಡಿದ ದಿನವೇ, ಬೇರೆಯಾಗಿ ಹೇಳಿ.

ನನ್ನ ತಂಡದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲ ಸರಿಯಿದೆ ಎಂದು ತಿಳಿಯಬಹುದೇ?

ನನ್ನ ಅನುಭವದಲ್ಲಿ ಅದು ಎಚ್ಚರಿಕೆಯ ಗಂಟೆ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಊಹೆ. ಅಂಕಿಅಂಶ ತಿರುಗುಮುರುಗಾಗಿ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಬಿಡಿಸಿ ನೋಡಿದಾಗ ಅರ್ಥವಾಯಿತು. ಆ ತಂಡಗಳಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೇರೆ ಕಡೆ ತಪ್ಪು ಕಾಗದದ ಮೇಲೆ ಬರುತ್ತಲೇ ಇರಲಿಲ್ಲ. 1999ರಲ್ಲಿ ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ಅಧ್ಯಯನ ಮಾಡಿ ಅವರು ಬರೆದ ಲೇಖನದಿಂದ "ಮಾನಸಿಕ ಸುರಕ್ಷತೆ" ಎಂಬ ಮಾತು ತಂಡಗಳ ವಿಷಯದಲ್ಲಿ ನೆಲೆಯೂರಿತು. ಮಾತಾಡಿದರೆ ಅವಮಾನವಾಗದು, ಶಿಕ್ಷೆಯಾಗದು ಎಂಬ ನಂಬಿಕೆ ತಂಡದ ಎಲ್ಲರಲ್ಲೂ ಇರುವುದು ಎಂದು ಅದರ ಅರ್ಥ. ಆಮೇಲೆ ಗೂಗಲ್ ತನ್ನ ಸುಮಾರು 180 ತಂಡಗಳನ್ನು ನೋಡಿ, ಚೆನ್ನಾಗಿ ಕೆಲಸ ಮಾಡುವ ತಂಡಗಳ ಲಕ್ಷಣಗಳಲ್ಲಿ ಇದನ್ನೇ ಮೊದಲ ಸ್ಥಾನದಲ್ಲಿ ಇಟ್ಟಿತು.

ಇದನ್ನು ಕಟ್ಟುವುದು ಹೇಗೆ? "ನನ್ನ ಬಾಗಿಲು ಸದಾ ತೆರೆದಿದೆ" ಎಂದು ಸಾರುವುದರಿಂದ ಆಗುವುದಿಲ್ಲ. ಮೊದಲ ಕೆಟ್ಟ ಸುದ್ದಿ ಬಂದಾಗ ನೀವು ಏನು ಮಾಡುತ್ತೀರಿ ಎಂಬುದನ್ನು ಇಡೀ ತಂಡ ನೋಡುತ್ತಿರುತ್ತದೆ. ನಿಮ್ಮ ಬಾಯಿಂದ ಬರುವ ಮೊದಲ ಮಾತು "ಹೇಳಿದ್ದು ಒಳ್ಳೆಯದಾಯ್ತು" ಎಂದಾಗಲಿ. ಹೊಣೆ ಯಾರದು ಎಂಬ ವಿಚಾರಣೆ ಸಂಜೆ ಮಾಡಬಹುದು.

ಮಾತಾಡುತ್ತಾ ಯಾರಾದರೂ ಅತ್ತುಬಿಟ್ಟರೆ?

ಗಾಬರಿಯಾಗಬೇಡಿ, ಮಾತನ್ನು ಬೇರೆ ಕಡೆ ತಿರುಗಿಸಬೇಡಿ, "ಅಳಬೇಡಿ" ಅನ್ನಬೇಡಿ. ಒಂದು ಲೋಟ ನೀರು ಕೊಡಿ. "ಅವಸರವಿಲ್ಲ. ಈಗ ಮುಂದುವರಿಸೋಣವೇ, ನಾಳೆ ಕೂರೋಣವೇ?" ಎಂದು ಆಯ್ಕೆಯನ್ನು ಅವರ ಕೈಗೆ ಕೊಡಿ. ನಾಳೆ ಅಂದರೆ ನಾಳೆ ಖಂಡಿತ ಕೂರಿ. ಆ ವಿಷಯವನ್ನು ಯಾರ ಮುಂದೆಯೂ ಎತ್ತಬೇಡಿ.

ಒಬ್ಬರ ಕಷ್ಟಕ್ಕೆ ಸ್ಪಂದಿಸಿದರೆ ಮುಖ ನೋಡಿ ಮಣೆ ಹಾಕಿದಂತೆ ಆಗುವುದಿಲ್ಲವೇ?

ಆಗಬಹುದು. ಇದು ಒಳ್ಳೆಯ ಪ್ರಶ್ನೆ, ಇದನ್ನು ಕೇಳುವವರು ಕಡಿಮೆ. ನಮಗೆ ನಮ್ಮಂತೆಯೇ ಇರುವವರ, ಬಾಯಿ ಬಿಟ್ಟು ಹೇಳಿಕೊಳ್ಳುವವರ ನೋವು ಬೇಗ ತಟ್ಟುತ್ತದೆ. ಮೂಲೆಯಲ್ಲಿ ಕೂತು ಸದ್ದಿಲ್ಲದೆ ದುಡಿಯುವವರ ನೋವು ಕಾಣುವುದಿಲ್ಲ. ಒಬ್ಬರಿಗೆ ಬೇಗ ಮನೆಗೆ ಹೋಗಲು ಬಿಟ್ಟಾಗ ಆ ಕೆಲಸದ ಹೊರೆ ಹೆಚ್ಚಾಗಿ ಬೀಳುವುದು ಆ ಮೂಲೆಯವರ ಮೇಲೆಯೇ.

ಹಾಗಾಗಿ ನಿಯಮ ಎಲ್ಲರಿಗೂ ಒಂದೇ ಇರಲಿ, ಅದರಲ್ಲಿ ಎಷ್ಟು ಸಡಿಲಿಕೆ ಇದೆ ಎಂಬುದೂ ಎಲ್ಲರಿಗೂ ತಿಳಿದಿರಲಿ. ಕಷ್ಟದಲ್ಲಿರುವವರಿಗೆ ರಜೆ ಕೊಡುವಾಗ ಅವರ ಕೆಲಸ ಯಾರಿಗೆ ಹೋಗುತ್ತದೆ ಎಂದು ಅದೇ ಉಸಿರಿನಲ್ಲಿ ತೀರ್ಮಾನಿಸಿ, ಹೊತ್ತವರಿಗೆ ಮುಂದಿನ ವಾರ ಏನು ಕಡಿಮೆ ಮಾಡುತ್ತೀರಿ ಎಂದೂ ಹೇಳಿ. ಕಾರಣ ಗುಟ್ಟಾಗಿರಬಹುದು, ಏರ್ಪಾಡು ಗುಟ್ಟಾಗಬಾರದು.

ಮನೆಯಿಂದ ಕೆಲಸ ಮಾಡುವವರ ಮನಸ್ಸನ್ನು ಓದುವುದು ಹೇಗೆ?

ಮುಖ ಕಾಣದಿದ್ದಾಗ ಬದಲಾವಣೆ ನೋಡಿ. ಉದ್ದ ಉದ್ದ ಬರೆಯುತ್ತಿದ್ದವರು "ಸರಿ" ಎಂಬಲ್ಲಿಗೆ ಇಳಿದಿದ್ದಾರೆಯೇ? ರಾತ್ರಿ ಹನ್ನೊಂದಕ್ಕೆ ಉತ್ತರ ಬರುತ್ತಿದೆಯೇ? ಚಾಟ್‌ನಲ್ಲಿ ನೀವು ಬರೆದ "ಸ್ವಲ್ಪ ಮಾತಾಡಬೇಕು" ಎಂಬ ಎರಡು ಪದಕ್ಕೆ ಎದುರಿನವರು ಸಂಜೆವರೆಗೂ ದಿಗಿಲಿನಿಂದ ಕೂರಬಹುದು. "ಶುಕ್ರವಾರದ ಡೆಮೊ ಬಗ್ಗೆ ಸ್ವಲ್ಪ ಮಾತಾಡಬೇಕು, ಚಿಂತೆಯ ವಿಷಯ ಅಲ್ಲ" ಎಂದು ಬರೆಯಲು ಐದು ಸೆಕೆಂಡ್ ಹೆಚ್ಚು ಬೇಕು, ಅಷ್ಟೇ.

ಯಶಸ್ಸಿನಲ್ಲಿ ನೂರಕ್ಕೆ 20 ಭಾಗ ಐಕ್ಯೂ (ಬುದ್ಧಿಶಕ್ತಿಯ ಅಳತೆ), ಉಳಿದ 80 ಭಾಗ ಇಕ್ಯೂ (ಭಾವನಾತ್ಮಕ ಬುದ್ಧಿಮತ್ತೆಯ ಅಳತೆ) ಅನ್ನುತ್ತಾರೆ. ನಿಜವೇ?

ಹಾಗೆ ಯಾರೂ ಸಾಬೀತು ಮಾಡಿಲ್ಲ. ಐಕ್ಯೂ ಸುಮಾರು 20 ಭಾಗವನ್ನಷ್ಟೇ ವಿವರಿಸುತ್ತದೆ ಎಂದು ಗೋಲ್‌ಮನ್ ಬರೆದದ್ದನ್ನು ಜನ ತಿರುಚಿ, ಉಳಿದದ್ದೆಲ್ಲ ಭಾವನಾತ್ಮಕ ಬುದ್ಧಿಮತ್ತೆ ಎಂದುಕೊಂಡರು. ಉಳಿದದ್ದರಲ್ಲಿ ಅವಕಾಶ, ಆರೋಗ್ಯ, ಮನೆಯ ಪರಿಸ್ಥಿತಿ, ಅದೃಷ್ಟ ಎಲ್ಲವೂ ಇದೆ.

ಟೀಕಾಕಾರರೂ ಇದ್ದಾರೆ. ಎಡ್ವಿನ್ ಲಾಕ್ 2005ರಲ್ಲಿ ಈ ಪರಿಕಲ್ಪನೆಯೇ ಸರಿಯಿಲ್ಲ, ಬುದ್ಧಿಯನ್ನು ಭಾವನೆಗಳ ಮೇಲೆ ಬಳಸುವುದಕ್ಕೆ ಬೇರೆ ಹೆಸರು ಬೇಕಿಲ್ಲ ಎಂದು ವಾದಿಸಿದರು. 2010ರಲ್ಲಿ ಡಾನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಚಿತ್ರ ಸ್ವಲ್ಪ ಸ್ಪಷ್ಟವಾಯಿತು: ಭಾವನೆಗಳನ್ನು ನಿಭಾಯಿಸುವುದೇ ಕೆಲಸದ ಭಾಗವಾಗಿರುವ ಹುದ್ದೆಗಳಲ್ಲಿ ಈ ಸಾಮರ್ಥ್ಯ ಉಪಯೋಗಕ್ಕೆ ಬರುತ್ತದೆ, ಅಂಥ ಬೇಡಿಕೆ ಇಲ್ಲದ ಹುದ್ದೆಗಳಲ್ಲಿ ಅಷ್ಟು ಪ್ರಯೋಜನ ಕಾಣುವುದಿಲ್ಲ. ಜನರನ್ನು ನಡೆಸುವ ಕೆಲಸ ಮೊದಲ ಗುಂಪಿಗೆ ಸೇರಿದ್ದು ಎಂದು ನಾನು ನಂಬಿದ್ದೇನೆ. ಆದರೂ ಕೆಲಸವೇ ಗೊತ್ತಿಲ್ಲದ ಮ್ಯಾನೇಜರ್‌ನನ್ನು ಎಷ್ಟು ಸಹಾನುಭೂತಿಯೂ ಕಾಪಾಡಲಾರದು.

ಇದನ್ನು ಪರೀಕ್ಷೆಯಿಂದ ಅಳೆಯಬಹುದೇ? ನೇಮಕಾತಿಯಲ್ಲಿ ಬಳಸಬಹುದೇ?

ಎರಡು ಬಗೆಯ ಪರೀಕ್ಷೆಗಳಿವೆ. ಒಂದರಲ್ಲಿ ನಿಮ್ಮ ಬಗ್ಗೆ ನೀವೇ ಅಂಕ ಕೊಟ್ಟುಕೊಳ್ಳುತ್ತೀರಿ. ಇನ್ನೊಂದರಲ್ಲಿ ಮುಖದ ಚಿತ್ರ ತೋರಿಸಿ, ಸನ್ನಿವೇಶ ಕೊಟ್ಟು ಬಿಡಿಸಲು ಹೇಳುತ್ತಾರೆ. ಮೇಯರ್, ಸಾಲೊವೆ ಮತ್ತು ಕರೂಸೊ ರೂಪಿಸಿ 2002ರಲ್ಲಿ ಹೊರತಂದ, 141 ಪ್ರಶ್ನೆಗಳ ಪರೀಕ್ಷೆ ಎರಡನೇ ಬಗೆಯದು. ಮೊದಲ ಬಗೆಯಲ್ಲಿ ಒಂದು ಮೂಲ ತೊಡಕು: ತನ್ನ ಕೊರತೆ ತನಗೇ ಕಾಣದವರು ತಮಗೆ ತಾವೇ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತಾರೆ. ಕೆಲಸ ಬೇಕೇ ಬೇಕು ಎಂದಿರುವವರು ಯಾವ ಉತ್ತರ ಚೆನ್ನಾಗಿ ಕಾಣುತ್ತದೋ ಅದನ್ನೇ ಗುರುತು ಮಾಡುತ್ತಾರೆ. ನನ್ನನ್ನು ಕೇಳಿದರೆ ಅಂಕಕ್ಕಿಂತ ಸಂದರ್ಶನದಲ್ಲಿ ಒಂದು ಪ್ರಶ್ನೆ ಮೇಲು: "ನಿಮ್ಮ ಕೈಕೆಳಗಿನವರು ನಿಮ್ಮ ಅಭಿಪ್ರಾಯವನ್ನು ಬದಲಿಸಿದ ಒಂದು ಸಂದರ್ಭ ಹೇಳಿ." ಕೆಲವರು ಕೂಡಲೇ ಹೆಸರು, ದಿನ, ವಿಷಯ ಸಮೇತ ಹೇಳುತ್ತಾರೆ. ಕೆಲವರಿಗೆ ಒಂದೂ ನೆನಪಾಗುವುದಿಲ್ಲ.

ಹುಟ್ಟು ಗುಣ ಸುಟ್ಟರೂ ಹೋಗದು ಅಂತಾರೆ. ಇದನ್ನು ಕಲಿಯಲು ಸಾಧ್ಯವೇ?

ಸಾಧ್ಯ. ಸ್ವಭಾವ ಬದಲಾಗದಿರಬಹುದು, ಅಭ್ಯಾಸ ಬದಲಾಗುತ್ತದೆ. ತರಬೇತಿಯಿಂದ ಸಾಧಾರಣ ಮಟ್ಟದ, ಆದರೆ ನಿಜವಾದ ಸುಧಾರಣೆ ಆಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ ವಿಶ್ಲೇಷಣೆಗಳು ಹೇಳುತ್ತವೆ. ಒಂದು ದಿನದ ಕಾರ್ಯಾಗಾರ, ಅಲ್ಲೊಂದು ಗುಂಪು ಫೋಟೊ, ಇದರಿಂದ ಏನೂ ಆಗದು. ಒಂದೇ ಅಭ್ಯಾಸ ಹಿಡಿದು ಮೂರು ತಿಂಗಳು ಬಿಡದೆ ಮಾಡಿ.

ನಾನು ಹಿಡಿದದ್ದು ಹೀಗೆ: ಸಂಜೆ ಕಂಪ್ಯೂಟರ್ ಮುಚ್ಚುವ ಮುನ್ನ ನೋಟ್‌ಬುಕ್ಕಿನಲ್ಲಿ ಮೂರು ಸಾಲು. ಇಂದು ನನಗೆ ಯಾವಾಗ ಚುರುಕ್ ಅಂತು? ಆಗ ನಾನು ಏನು ಮಾಡಿದೆ? ಎದುರಿನವರ ಮುಖ ಏನಾಯಿತು? ಆರು ವಾರದ ಹೊತ್ತಿಗೆ ಹಾಳೆಗಳನ್ನು ತಿರುವಿದಾಗ ಕಂಡದ್ದು ನನಗೇ ಅಚ್ಚರಿ. ಚುರುಕ್ ಅಂದ ಗಳಿಗೆಗಳಲ್ಲಿ ಬಹುಪಾಲು ಮೇಲಿನವರ ಫೋನ್ ಬಂದ ಅರ್ಧ ಗಂಟೆಯೊಳಗೆ. ನನ್ನ ತಂಡದವರ ತಪ್ಪಿಗೂ ನನ್ನ ಸಿಡುಕಿಗೂ ಸಂಬಂಧವೇ ಇರಲಿಲ್ಲ. ಅಂದಿನಿಂದ ಆ ಫೋನ್ ಇಟ್ಟ ಮೇಲೆ ಮೆಟ್ಟಿಲಿಳಿದು ಒಂದು ಸುತ್ತು ಹಾಕಿ ಬರುವುದನ್ನು ರೂಢಿ ಮಾಡಿಕೊಂಡೆ.

ಅದರ ಜೊತೆಗೆ, ನಿಮಗೆ ನಿಜ ಹೇಳುವ ಒಬ್ಬರನ್ನು ತಂಡದ ಹೊರಗೆ ಹುಡುಕಿಕೊಳ್ಳಿ.

ಈ ಜಾಣ್ಮೆಯನ್ನು ಕೆಟ್ಟದ್ದಕ್ಕೆ ಬಳಸುವವರಿಲ್ಲವೇ?

ಇದ್ದಾರೆ. 2011ರಲ್ಲಿ ಸ್ಟೆಫಾನ್ ಕೋಟೆ ಮತ್ತು ಸಂಗಡಿಗರು ತೋರಿಸಿದಂತೆ, ಭಾವನೆಗಳನ್ನು ನಿಯಂತ್ರಿಸುವ ತಿಳಿವಳಿಕೆ, ಸ್ವಾರ್ಥಕ್ಕಾಗಿ ಇತರರನ್ನು ಆಡಿಸುವ ಸ್ವಭಾವದವರಲ್ಲಿ ಸಹೋದ್ಯೋಗಿಗಳಿಗೆ ಹಾನಿ ಮಾಡುವ ವರ್ತನೆಯನ್ನು ಹೆಚ್ಚಿಸಿತು. ನೈತಿಕತೆಯನ್ನು ತಮ್ಮ ವ್ಯಕ್ತಿತ್ವದ ಭಾಗವೆಂದು ಎಣಿಸುವವರಲ್ಲಿ ಅದೇ ತಿಳಿವಳಿಕೆ ಒಳಿತಿಗೆ ನೆರವಾಯಿತು. ನಿಮ್ಮ ನೋವನ್ನು ಅಕ್ಕರೆಯಿಂದ ಕೇಳಿಸಿಕೊಂಡು, ಮುಂದಿನ ಚೌಕಾಸಿಯಲ್ಲಿ ಅದನ್ನೇ ದಾಳವಾಗಿ ಉರುಳಿಸುವವರನ್ನು ನಾನೂ ಕಂಡಿದ್ದೇನೆ. ಗುರುತಿಸುವ ಬಗೆ: ಅವರ ಜೊತೆ ಮಾತಾಡಿ ಬಂದ ಮೇಲೆ ಮನಸ್ಸು ಹಗುರ ಅನ್ನಿಸಿದರೂ, ಪ್ರತಿಸಲ ಲಾಭ ಆಗಿರುವುದು ಅವರಿಗೇ.

ಎಲ್ಲರ ಮನಸ್ಸು ನೋಡಿ ನೋಡಿ ನನಗೇ ಸುಸ್ತಾಗುತ್ತಿದೆ. ಏನು ಮಾಡಲಿ?

ಆ ಸುಸ್ತು ನಿಜವಾದದ್ದು, ನಿಮ್ಮ ದೌರ್ಬಲ್ಯವಲ್ಲ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ 1983ರಲ್ಲೇ ವಿಮಾನದ ಗಗನಸಖಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಧ್ಯಯನ ಮಾಡಿ, ಸಂಬಳಕ್ಕಾಗಿ ಭಾವನೆಗಳನ್ನು ತೋರಿಸುವುದೂ ಅದುಮುವುದೂ ಒಂದು ದುಡಿಮೆಯೇ ಎಂದು ಹೇಳಿದರು. ಮೈಮುರಿದು ದುಡಿದರೆ ಮೈ ನೋಯುವಂತೆ ಇದಕ್ಕೂ ದಣಿವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ವಿವರಿಸಿದಾಗ ಅದನ್ನು ಕಾಯಿಲೆ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಒತ್ತಡದಿಂದ ಅದು ಬರುತ್ತದೆ. ತ್ರಾಣವೇ ಇಲ್ಲದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಯಿಂದ ಏನೂ ಆಗುತ್ತಿಲ್ಲ ಅನ್ನಿಸುವುದು, ಇವು ಅದರ ಮೂರು ಮುಖ.

ನೀವು ಮ್ಯಾನೇಜರ್, ಆಪ್ತಸಮಾಲೋಚಕರಲ್ಲ. ಕೇಳಿಸಿಕೊಳ್ಳುವುದು, ಕೆಲಸದ ಹೊರೆ ಸರಿಮಾಡುವುದು, ತಜ್ಞರ ಬಳಿ ಹೋಗಲು ದಾರಿ ತೋರಿಸುವುದು ನಿಮ್ಮ ಕೆಲಸ. ಗುಣಪಡಿಸುವುದು ನಿಮ್ಮ ಕೆಲಸವಲ್ಲ. ತಂಡದ ಐದು ಜನಕ್ಕೆ ಒಂದೇ ಬಗೆಯ ದಣಿವಿದ್ದರೆ ಅದು ಐದು ಜನರ ಮನಸ್ಸಿನ ಸಮಸ್ಯೆಯೂ ಅಲ್ಲ. ಗಡುವಿನಲ್ಲಿ, ಜನರ ಸಂಖ್ಯೆಯಲ್ಲಿ, ಕೆಲಸ ಹಂಚಿದ ರೀತಿಯಲ್ಲಿ ಎಲ್ಲೋ ದೋಷವಿದೆ. ಅದನ್ನು ಬಿಟ್ಟು ಧ್ಯಾನದ ಆ್ಯಪ್ ಹಂಚುವುದನ್ನು ನಾನು ಒಪ್ಪುವುದಿಲ್ಲ.

ನನ್ನ ಮೇಲಿನವರಿಗೇ ಇದು ಗೊತ್ತಿಲ್ಲದಿದ್ದರೆ?

ಅವರನ್ನು ಬದಲಿಸುವುದು ನಿಮ್ಮ ಕೈಲಿಲ್ಲ. ಅವರ ಸಿಡುಕು ನಿಮ್ಮಿಂದ ಕೆಳಗೆ ಹರಿಯದಂತೆ ತಡೆಯುವುದು ನಿಮ್ಮ ಕೈಲಿದೆ. ಯಾವ ಹೊತ್ತಿನಲ್ಲಿ ಅವರು ಸಮಾಧಾನವಾಗಿರುತ್ತಾರೆ ಎಂದು ಗಮನಿಸಿ, ಕಷ್ಟದ ವಿಷಯವನ್ನು ಆಗ ಎತ್ತಿ, ಒಪ್ಪಿದ್ದನ್ನು ಬರೆದು ಕಳಿಸಿ. ಬೈಗುಳ ಅವಮಾನದ ಮಟ್ಟಕ್ಕೆ ಹೋದರೆ ದಿನಾಂಕ ಸಮೇತ ದಾಖಲಿಸಿ ದೂರು ಕೊಡಿ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವುದು ಭಾವನಾತ್ಮಕ ಬುದ್ಧಿಮತ್ತೆಯಲ್ಲ.

ನನ್ನಲ್ಲಿ ಬದಲಾವಣೆ ಆಗುತ್ತಿದೆ ಎಂದು ತಿಳಿಯುವುದು ಹೇಗೆ?

ನಿಮ್ಮ ಮುಂದೆ ಭಿನ್ನಾಭಿಪ್ರಾಯ ಹೇಳುವವರ ಸಂಖ್ಯೆ ನೋಡಿ. ನೀವು ಒಳಗೆ ಬಂದಾಗ ನಗು ನಿಲ್ಲುತ್ತದೆಯೋ ಮುಂದುವರಿಯುತ್ತದೆಯೋ ಕೇಳಿಸಿಕೊಳ್ಳಿ. ರಾಜೀನಾಮೆ ಪತ್ರ ಬರುವ ಮುನ್ನವೇ "ನನಗೆ ಇಲ್ಲಿ ಕಷ್ಟವಾಗ್ತಿದೆ" ಎಂಬ ಮಾತು ನಿಮಗೆ ತಲುಪುತ್ತಿದೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ನಡೆದ ಗಳಿಗೆಗೂ ಅದು ನಿಮ್ಮ ಕಿವಿಗೆ ಬಿದ್ದ ಗಳಿಗೆಗೂ ನಡುವೆ ಎಷ್ಟು ಹೊತ್ತಾಯಿತು ಎಂದು ಲೆಕ್ಕವಿಡಿ.

ಬಿಲ್ ಘಟನೆಯಾಗಿ ಎರಡು ವರ್ಷದ ಮೇಲೆ, ಅದೇ ಹುಡುಗಿ ಒಂದು ಮಧ್ಯಾಹ್ನ ಓಡುತ್ತಾ ಬಂದಳು. ನಾನು ಫೋನಿನಲ್ಲಿದ್ದೆ. ಅವಳು ಕಾಯಲಿಲ್ಲ, ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ಸ್ಕ್ರೀನಿಗೆ ಬೆರಳಿಟ್ಟು ತೋರಿಸಿದಳು. ತಪ್ಪು ಫೈಲ್ ಹೊರಗೆ ಹೋಗಿ ನಾಲ್ಕು ನಿಮಿಷವಾಗಿತ್ತು. ಕಳಿಸಿದ್ದು ಅವಳೇ.